ಮ್ಯಾಂಚೆಸ್ಟರ್ ಸುತ್ತ ಮನೆ ಹುಡುಕಾಟ: ಸೇಲ್, ಹೀಟನ್ ಮೂರ್, ಬೋಲ್ಟನ್ – ಇವುಗಳಲ್ಲಿ ಯಾವುದು?

ತೀರ್ಥಹಳ್ಳಿಯವಳು

ಎಲ್ಲರಿಗೂ ನಮಸ್ಕಾರ. ಬರುವ ಆಗಸ್ಟ್ ಮೊದಲ ವಾರದಲ್ಲಿ ನಾವು ನಾಲ್ವರು ಬೆಂಗಳೂರು ಬಿಟ್ಟು ಮ್ಯಾಂಚೆಸ್ಟರ್‌ಗೆ ಬರುತ್ತಿದ್ದೇವೆ. ನನಗೆ ಆಕ್ಸ್‌ಫರ್ಡ್ ರಸ್ತೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿದೆ. ಹಗಲು ಪಾಳಿ ಬೆಳಿಗ್ಗೆ ಏಳೂವರೆಗೆ ಆರಂಭವಾಗಿ ರಾತ್ರಿ ಎಂಟಕ್ಕೆ ಮುಗಿಯುತ್ತದೆ. ತಿಂಗಳಿಗೆ ನಾಲ್ಕೈದು ರಾತ್ರಿ ಪಾಳಿಗಳೂ ಇರುತ್ತವೆ ಎಂದು ತಿಳಿಸಿದ್ದಾರೆ. ನಮ್ಮ ಮನೆಯವರು ವಾರದಲ್ಲಿ ಎರಡು ದಿನ ಸ್ಯಾಲ್ಫರ್ಡ್ ಕ್ವೇಸ್‌ನ ಕಚೇರಿಗೆ ಹೋದರೆ ಸಾಕು, ಉಳಿದ ದಿನ ಮನೆಯಿಂದಲೇ ಕೆಲಸ. ಮಗಳಿಗೆ ಅಕ್ಟೋಬರ್‌ನಲ್ಲಿ ಹನ್ನೊಂದು ತುಂಬುತ್ತದೆ, ಮಗನಿಗೆ ಈಗ ಐದು ವರ್ಷ ಕಳೆದಿದೆ. ಅತ್ತೆಯವರು ಸಂದರ್ಶಕರ ವೀಸಾದಲ್ಲಿ ಆರು ತಿಂಗಳು ಬಂದು ಇರುವ ಆಲೋಚನೆ ಇದೆ, ಅವರಿಗೆ ಮಂಡಿನೋವು.

ಊರು ಆರಿಸುವ ವಿಷಯದಲ್ಲಿ ನಮಗೆ ಮೂವರು ಮೂರು ಸಲಹೆ ಕೊಟ್ಟಿದ್ದಾರೆ. ಮಕ್ಕಳ ಓದು ಮುಖ್ಯವಾದರೆ ಸೇಲ್ ಅಥವಾ ಆಲ್ಟ್ರಿಂಚಮ್ ಬಿಟ್ಟು ಬೇರೆ ಯೋಚನೆಯೇ ಬೇಡ ಎಂಬುದು ಒಬ್ಬರ ಮಾತು. ಸ್ಟಾಕ್‌ಪೋರ್ಟ್ ಕಡೆಯ ಹೀಟನ್ ಮೂರ್ ಒಳ್ಳೆಯದೆಂದು ಇನ್ನೊಬ್ಬರು. ಬೋಲ್ಟನ್‌ನಲ್ಲಿ ಬಾಡಿಗೆ ಕಡಿಮೆ, ದೇವಸ್ಥಾನಗಳಿವೆ, ನಮ್ಮ ದಿನಸಿ ಸಿಗುತ್ತದೆ ಎಂದು ಮೂರನೆಯವರು. ತಿಂಗಳಿಗೆ 1,500 ಪೌಂಡ್ ಮೀರಿ ಬಾಡಿಗೆ ಕೊಡಲು ನಮಗೆ ಆಗುವುದಿಲ್ಲ. ಅಲ್ಲಿ ಬದುಕಿ ಅನುಭವವಿರುವವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಸೇಲ್‌ನ ಅಮ್ಮ

ಸೇಲ್ ಎಂದು ನಿಮಗೆ ಹೇಳಿದವರು ಸುಮ್ಮನೆ ಹೇಳಿಲ್ಲ. ಗ್ರೇಟರ್ ಮ್ಯಾಂಚೆಸ್ಟರ್‌ನ ಹತ್ತು ಕೌನ್ಸಿಲ್‌ಗಳಲ್ಲಿ (ಅಂದರೆ ಸ್ಥಳೀಯ ಆಡಳಿತಗಳಲ್ಲಿ) ಪ್ರವೇಶ ಪರೀಕ್ಷೆಯ ಸರ್ಕಾರಿ ಗ್ರಾಮರ್ ಶಾಲೆಗಳ ಪದ್ಧತಿಯನ್ನು ಇಂದಿಗೂ ಉಳಿಸಿಕೊಂಡಿರುವುದು ಸೇಲ್, ಆಲ್ಟ್ರಿಂಚಮ್‌ಗಳು ಸೇರಿರುವ ಟ್ರಾಫರ್ಡ್ ಒಂದೇ. ಆಲ್ಟ್ರಿಂಚಮ್‌ನಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬೇರೆ ಬೇರೆ ಗ್ರಾಮರ್ ಶಾಲೆಗಳಿವೆ. ಸೇಲ್, ಸ್ಟ್ರೆಟ್‌ಫರ್ಡ್, ಅರ್ಮ್‌ಸ್ಟನ್‌ಗಳಲ್ಲಿಯೂ ಇವೆ. ಶುಲ್ಕವಿಲ್ಲ. ಮ್ಯಾಂಚೆಸ್ಟರ್ ಗ್ರಾಮರ್ ಸ್ಕೂಲ್ ಎಂಬ ಹೆಸರು ಕೇಳಿ ಮೋಸಹೋಗಬೇಡಿ, ಅದು ಶುಲ್ಕ ತೆಗೆದುಕೊಳ್ಳುವ ಖಾಸಗಿ ಶಾಲೆ. 2025ರ ಜನವರಿಯಿಂದ ಖಾಸಗಿ ಶಾಲೆಗಳ ಶುಲ್ಕದ ಮೇಲೆ ಶೇ. 20 ವ್ಯಾಟ್ ಕೂಡ ಬಿದ್ದಿದೆ.

ಆದರೆ ನಿಮ್ಮ ಮಗಳ ವಿಷಯದಲ್ಲಿ ಕಾಲ ಮಿಂಚುತ್ತಿದೆ. ಸೆಪ್ಟೆಂಬರ್‌ನಲ್ಲಿ ಅವಳು ಆರನೆಯ ವರ್ಷಕ್ಕೆ, ಅಂದರೆ ಪ್ರಾಥಮಿಕ ಶಾಲೆಯ ಕೊನೆಯ ತರಗತಿಗೆ ಸೇರುತ್ತಾಳೆ, ಮತ್ತು ಈ ಪರೀಕ್ಷೆಗಳು ನಡೆಯುವುದೂ ಅದೇ ಸೆಪ್ಟೆಂಬರ್‌ನಲ್ಲಿ. ನೋಂದಣಿ ಬೇಸಿಗೆ ರಜೆಗೆ ಮೊದಲೇ ಮುಗಿಯುವುದರಿಂದ ನೀವು ಬೆಂಗಳೂರಿನಲ್ಲಿ ಕುಳಿತೇ ಪ್ರತಿ ಶಾಲೆಯ ಜಾಲತಾಣವನ್ನು ನೋಡಿ ಅರ್ಜಿ ಹಾಕಬೇಕು. ಜೊತೆಗೆ ಯಾವುದೇ ಸರ್ಕಾರಿ ಪ್ರೌಢಶಾಲೆ ಬೇಕಾದರೂ ಅಕ್ಟೋಬರ್ 31ರೊಳಗೆ ನೀವು ವಾಸವಿರುವ ಕೌನ್ಸಿಲ್‌ಗೆ ಪ್ರತ್ಯೇಕ ಅರ್ಜಿ ಸಲ್ಲಿಸಬೇಕು. ನನ್ನ ಮಗನಿಗೆ ನಾವು ಎರಡು ವರ್ಷ ಮೊದಲೇ ತಯಾರಿ ಆರಂಭಿಸಿದ್ದೆವು, ಆದರೂ ಪರೀಕ್ಷೆಯ ಹಿಂದಿನ ರಾತ್ರಿ ಮನೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ.

ಹುಬ್ಬಳ್ಳಿಯ ಹಳಬ

ನಾನು ಇಲ್ಲಿಗೆ ಬಂದು ಮೂವತ್ತು ವರ್ಷ ದಾಟಿದೆ. ಆಸ್ಪತ್ರೆಯ ಕೆಲಸದಲ್ಲಿಯೇ ಕೂದಲು ಬೆಳ್ಳಗಾದವನು. (ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರದ ಬಂದರಿಗೆ ಇಳಿಸಿ ಹಡಗೇರಿಸಬೇಕೆಂದು 1860ರ ದಶಕದಲ್ಲಿ ಹಟ ಹಿಡಿದವರು ಇದೇ ಮ್ಯಾಂಚೆಸ್ಟರ್‌ನ ಗಿರಣಿಯವರು. ಹತ್ತಿ ಬಂದ ದಾರಿಯಲ್ಲೇ ನಾವೂ ಬಂದೆವು ಎಂದು ನಮ್ಮಲ್ಲಿ ತಮಾಷೆ ಮಾಡುವುದುಂಟು.) ಸೋದರಿ, ನೀವು ಕೇಳಿದ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ನೋಡಬೇಕೆಂದು ನನಗೆ ಅನ್ನಿಸುತ್ತದೆ. ಯಾವ ಬಡಾವಣೆ ಒಳ್ಳೆಯದು ಎಂದು ಕೇಳುವುದಕ್ಕಿಂತ, ಮನೆಯ ನಾಲ್ವರಲ್ಲಿ ಯಾರ ದಿನಚರಿ ಒಂದು ಕೂದಲೆಳೆಯಷ್ಟೂ ಸರಿಯದು ಎಂದು ಕೇಳಿಕೊಳ್ಳಿ. ನಿಮ್ಮ ಮನೆಯಲ್ಲಿ ಅದು ನಿಮ್ಮದೇ. ನಿಮ್ಮ ಯಜಮಾನರು ವಾರಕ್ಕೆ ಎರಡು ದಿನ ಒಂದು ಗಂಟೆ ಪ್ರಯಾಣ ಮಾಡಿದರೆ ಏನೂ ಮುಳುಗುವುದಿಲ್ಲ. ನೀವು ಹನ್ನೆರಡೂವರೆ ಗಂಟೆಯ ಪಾಳಿ ಮುಗಿಸಿ ಎರಡು ವಾಹನ ಬದಲಿಸಿ ಮನೆ ಸೇರುವುದನ್ನು ಒಂದು ಚಳಿಗಾಲ ಮಾಡಿ ನೋಡಿದರೆ ತಿಳಿಯುತ್ತದೆ.

ಆಕ್ಸ್‌ಫರ್ಡ್ ರೋಡ್ ಎಂಬ ರೈಲು ನಿಲ್ದಾಣವಿದೆ, ಹಾಗಾಗಿ ಆಸ್ಪತ್ರೆ ಅದರ ಎದುರಿಗೇ ಇರಬೇಕೆಂದು ಹೊಸಬರು ಭಾವಿಸುತ್ತಾರೆ. ನಿಲ್ದಾಣ ಇರುವುದು ರಸ್ತೆಯ ಉತ್ತರದ ತುದಿಯಲ್ಲಿ. ಆಸ್ಪತ್ರೆಗಳು ವಿಶ್ವವಿದ್ಯಾಲಯವನ್ನೂ ದಾಟಿ ದಕ್ಷಿಣಕ್ಕೆ ಒಂದು ಮೈಲಿಗೂ ದೂರದಲ್ಲಿವೆ. ಟ್ರಾಮ್ ಆ ರಸ್ತೆಯಲ್ಲಿ ಹೋಗುವುದೇ ಇಲ್ಲ. ಅಲ್ಲಿಗೆ ನೇರವಾಗಿ ಹೋಗುವುದು ಬಸ್ಸು. ಡಿಡ್ಸ್‌ಬರಿಯಿಂದ ವಿಥಿಂಗ್ಟನ್, ಫ್ಯಾಲೋಫೀಲ್ಡ್, ರಶೋಮ್ ದಾಟಿ ಪೇಟೆಗೆ ಬರುವ ವಿಲ್ಮ್‌ಸ್ಲೋ ರಸ್ತೆಯಲ್ಲಿ 142, 43ರಂತಹ ಬಸ್ಸುಗಳು ಒಂದರ ಹಿಂದೆ ಒಂದು ಬರುತ್ತವೆ, ಮತ್ತು ಆಸ್ಪತ್ರೆಯ ಬಾಗಿಲಲ್ಲೇ ಇಳಿಸುತ್ತವೆ. 2025ರ ಜನವರಿಯಿಂದ ಗ್ರೇಟರ್ ಮ್ಯಾಂಚೆಸ್ಟರ್‌ನ ಬಸ್ಸುಗಳೆಲ್ಲ ಬೀ ನೆಟ್‌ವರ್ಕ್ ಎಂಬ ಸಾರ್ವಜನಿಕ ವ್ಯವಸ್ಥೆಯ ಕೆಳಗೆ ಬಂದಿರುವುದರಿಂದ ಒಂದೇ ಚೀಟಿಯಲ್ಲಿ ಬಸ್ಸು ಬದಲಿಸುವುದೂ ಸುಲಭವಾಗಿದೆ. ಆದ್ದರಿಂದ ನಕ್ಷೆಯಲ್ಲಿ ಈ ಬಸ್ಸಿನ ದಾರಿಯ ಮೇಲೆ ಬೆರಳಿಟ್ಟು ದಕ್ಷಿಣಕ್ಕೆ ಎಳೆಯುತ್ತಾ ಹೋಗಿ. ಬೆರಳು ಹೋದ ಕಡೆ, ಅದರ ಎಡಬಲಕ್ಕೆ ಹತ್ತು ನಿಮಿಷದ ನಡಿಗೆಯೊಳಗೆ, ಮನೆ ಹುಡುಕಿ.

ಬೋಲ್ಟನ್ ನಿವಾಸಿ

ಬೋಲ್ಟನ್ ಪರವಾಗಿ ಯಾರೂ ಮಾತನಾಡದಿರುವುದರಿಂದ ನಾನೇ ಹೇಳುತ್ತೇನೆ. ಗುಜರಾತಿಗಳು ಮೂರು ತಲೆಮಾರುಗಳಿಂದ ಇಲ್ಲಿ ನೆಲೆಸಿರುವುದರಿಂದ ದೇವಸ್ಥಾನ, ಸಸ್ಯಾಹಾರ, ಹಬ್ಬ ಯಾವುದಕ್ಕೂ ಕೊರತೆಯಿಲ್ಲ. ತೊಗರಿಬೇಳೆಗೂ ಹಸಿ ತೆಂಗಿನಕಾಯಿಗೂ ಪೇಟೆಗೆ ಹೋಗಬೇಕಾದ ಅಗತ್ಯವಿಲ್ಲ. ನೀವು ಇಟ್ಟುಕೊಂಡಿರುವ ಹಣಕ್ಕೆ ಇಲ್ಲಿ ಮೂರು ಮಲಗುವ ಕೋಣೆಗಳ ಮನೆ ಸಿಕ್ಕಿ ಹಣವೂ ಉಳಿಯುತ್ತದೆ. ರೈಲಿನಲ್ಲಿ ಮ್ಯಾಂಚೆಸ್ಟರ್ ಸುಮಾರು ಇಪ್ಪತ್ತು ನಿಮಿಷ.

ಆದರೆ ಹಳಬರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆ ಇಪ್ಪತ್ತು ನಿಮಿಷ ನಿಲ್ದಾಣದಿಂದ ನಿಲ್ದಾಣಕ್ಕೆ. ಮನೆಯಿಂದ ನಿಲ್ದಾಣ, ಅಲ್ಲಿ ಕಾಯುವುದು, ಇಳಿದ ಮೇಲೆ ಮತ್ತೆ ಬಸ್ಸು, ಇವನ್ನೆಲ್ಲ ಸೇರಿಸಿದರೆ ಏಳೂವರೆಯ ಪಾಳಿಗೆ ನೀವು ಆರಕ್ಕೇ ಹೊರಡಬೇಕು. ಭಾನುವಾರ ರೈಲು ವಿರಳ, ಕ್ರಿಸ್‌ಮಸ್ ದಿನ ರೈಲೇ ಇಲ್ಲ, ಆಸ್ಪತ್ರೆಗೆ ಮಾತ್ರ ಎರಡೂ ದಿನ ರಜೆಯಿಲ್ಲ. ನನ್ನ ಮಡದಿಗೆ ಬೋಲ್ಟನ್‌ನಲ್ಲೇ ಕೆಲಸ ಇರುವುದರಿಂದ ನಮಗೆ ಈ ಊರು ಹೊಂದಿತು.

ಹೀಟನ್ ಚಾಪೆಲ್‌ನಿಂದ

ಎಲ್ಲರೂ ಮಗಳ ಬಗ್ಗೆಯೇ ಚಿಂತಿಸುತ್ತಿದ್ದೀರಿ. ನನ್ನ ಅನುಭವದಲ್ಲಿ ನಿಮಗೆ ಮೊದಲು ತೊಡಕಾಗುವುದು ಮಗ. ಇಂಗ್ಲೆಂಡ್‌ನಲ್ಲಿ ರಿಸೆಪ್ಶನ್ (ಒಂದನೆಯ ವರ್ಷಕ್ಕೂ ಮೊದಲಿನ ತರಗತಿ), ಒಂದನೆಯ ಮತ್ತು ಎರಡನೆಯ ವರ್ಷದ ತರಗತಿಗಳಲ್ಲಿ ಒಬ್ಬ ಶಿಕ್ಷಕರಿಗೆ ಮೂವತ್ತು ಮಕ್ಕಳಿಗಿಂತ ಹೆಚ್ಚು ಇರಬಾರದೆಂದು ಕಾನೂನೇ ಇದೆ. ಹಾಗಾಗಿ ಮೂವತ್ತು ತುಂಬಿದ ಒಂದನೆಯ ವರ್ಷದಲ್ಲಿ ಮೂವತ್ತೊಂದನೆಯ ಸೀಟನ್ನು ಮುಖ್ಯೋಪಾಧ್ಯಾಯರು ಮನಸ್ಸು ಮಾಡಿದರೂ ಸಾಮಾನ್ಯವಾಗಿ ಕೊಡಲಾಗುವುದಿಲ್ಲ. ಆರನೆಯ ವರ್ಷಕ್ಕೆ ಆ ಮಿತಿ ಇಲ್ಲ, ಜೊತೆಗೆ ಅಷ್ಟು ಹೊತ್ತಿಗೆ ಒಂದೆರಡು ಕುಟುಂಬ ಊರು ಬಿಟ್ಟಿರುವುದರಿಂದ ಸೀಟು ಸಿಗುತ್ತದೆ. ನಮಗೂ ಹೀಗೇ ಆಯಿತು. ದೊಡ್ಡವಳಿಗೆ ಮನೆಯ ಹಿಂದಿನ ಶಾಲೆಯಲ್ಲಿ ನಾಲ್ಕೇ ದಿನಗಳಲ್ಲಿ ಸೀಟು ಸಿಕ್ಕಿತು, ಚಿಕ್ಕವನಿಗೆ ಒಂದೂಕಾಲು ಮೈಲಿ ದೂರದ ಇನ್ನೊಂದು ಶಾಲೆ. ಎರಡೂ ಶಾಲೆಗಳ ಬಾಗಿಲು ತೆರೆಯುವುದು ಬೆಳಿಗ್ಗೆ 8.45ಕ್ಕೆ. ಐದು ತಿಂಗಳು ನಾನು ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಅವನ ಸ್ಕೂಟರ್ ಹಿಡಿದು ಓಡಿದ್ದೇನೆ. ಕಾಯುವವರ ಪಟ್ಟಿಯಲ್ಲಿ ನಮ್ಮ ಸರದಿ ಬಂದದ್ದು ಫೆಬ್ರವರಿಯಲ್ಲಿ.

ಅದಕ್ಕಾಗಿ ಮನೆಗೆ ಮುಂಗಡ ಕೊಡುವ ಮೊದಲು ಆ ಕೌನ್ಸಿಲ್‌ನ ಶಾಲಾ ಪ್ರವೇಶ ವಿಭಾಗಕ್ಕೆ ಕರೆ ಮಾಡಿ, ಒಂದನೆಯ ಮತ್ತು ಆರನೆಯ ವರ್ಷ ಎರಡರಲ್ಲೂ ಖಾಲಿ ಇರುವ ಶಾಲೆಗಳು ಯಾವುವೆಂದು ಕೇಳಿ. ಹೀಟನ್ ಮೂರ್, ಹೀಟನ್ ಚಾಪೆಲ್, ಹೀಟನ್ ಮರ್ಸಿ ಇವೆಲ್ಲ ಸ್ಟಾಕ್‌ಪೋರ್ಟ್ ಕೌನ್ಸಿಲ್‌ಗೆ ಸೇರಿದವು. ರಸ್ತೆಯ ಆಚೆ ಬದಿಯ ಬರ್ನೇಜ್, ಈಸ್ಟ್ ಡಿಡ್ಸ್‌ಬರಿ ಮ್ಯಾಂಚೆಸ್ಟರ್ ಕೌನ್ಸಿಲ್‌ಗೆ. ಎರಡೂ ಕಡೆ ವಿಚಾರಿಸಬೇಕು. ಸ್ಟಾಕ್‌ಪೋರ್ಟ್‌ನಲ್ಲಿ ಸರ್ಕಾರಿ ಗ್ರಾಮರ್ ಶಾಲೆಗಳಿಲ್ಲ, ಎಲ್ಲ ಮಕ್ಕಳೂ ಸೇರುವ ಸಾಮಾನ್ಯ ಪ್ರೌಢಶಾಲೆಗಳೇ. ಅವು ಚೆನ್ನಾಗಿಯೇ ಇವೆ, ನಮ್ಮ ದೊಡ್ಡವಳು ಅಂಥದ್ದರಲ್ಲೇ ಓದುತ್ತಿದ್ದಾಳೆ.

ತೀರ್ಥಹಳ್ಳಿಯವಳು

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ಮೂವತ್ತು ಮಕ್ಕಳ ಮಿತಿಯ ಸಂಗತಿ ನಮಗೆ ಗೊತ್ತೇ ಇರಲಿಲ್ಲ. ಇನ್ನು ಮೂರು ಸಂದೇಹಗಳಿವೆ. ಅಲ್ಲಿ ನಮಗೆ ಸಾಲದ ಇತಿಹಾಸವೇನೂ ಇಲ್ಲದಿರುವುದರಿಂದ ಮನೆ ಕೊಡುವವರು ಆರು ತಿಂಗಳ ಬಾಡಿಗೆ ಮುಂಗಡ ಕೇಳುತ್ತಾರಂತೆ, ನಿಜವೇ? ನಮ್ಮವರ ಭಾರತದ ಡ್ರೈವಿಂಗ್ ಲೈಸೆನ್ಸ್ ನಡೆಯುತ್ತದೆಯೇ? ಮಳೆಯ ಬಗ್ಗೆ ಎಲ್ಲರೂ ಹೆದರಿಸುತ್ತಿದ್ದಾರೆ. ಆಗುಂಬೆಯ ಮಗ್ಗುಲಲ್ಲಿ ಬೆಳೆದವಳಿಗೆ ಮಳೆಯ ಭಯವೇ ಎಂದು ನಾನು ನಕ್ಕು ಸುಮ್ಮನಾಗಿದ್ದೇನೆ.

ಹೀಟನ್ ಚಾಪೆಲ್‌ನಿಂದ

ಆರು ತಿಂಗಳ ಮುಂಗಡ ನಮ್ಮ ಕಾಲದಲ್ಲಿ ಕೇಳಿದ್ದರು, ನಾವು ಕೊಟ್ಟೂ ಇದ್ದೆವು. ಬಾಡಿಗೆದಾರರ ಹಕ್ಕುಗಳ 2025ರ ಕಾಯಿದೆಯಿಂದಾಗಿ 2026ರ ಮೇ 1ರಿಂದ ಒಂದು ತಿಂಗಳಿಗಿಂತ ಹೆಚ್ಚಿನ ಬಾಡಿಗೆಯನ್ನು ಮುಂಗಡವಾಗಿ ಕೇಳುವಂತಿಲ್ಲ. ಇದರಿಂದ ನಿಮ್ಮಂತಹವರಿಗೆ ಅನುಕೂಲವೂ ಇದೆ, ತೊಂದರೆಯೂ ಇದೆ, ಏಕೆಂದರೆ ಹಣ ತೋರಿಸಿ ನಂಬಿಸುವ ದಾರಿ ಮುಚ್ಚಿರುವುದರಿಂದ ಮನೆಯ ಒಡೆಯರು ಈ ದೇಶದಲ್ಲಿರುವ ಜಾಮೀನುದಾರರನ್ನು ಕೇಳುತ್ತಾರೆ. ನಿಮ್ಮ ನೇಮಕಾತಿ ಪತ್ರ, ಸಂಬಳದ ವಿವರ ಇವನ್ನು ಕೈಯಲ್ಲಿಟ್ಟುಕೊಳ್ಳಿ. ಠೇವಣಿ ಐದು ವಾರದ ಬಾಡಿಗೆಯನ್ನು, ಮನೆ ಕಾದಿರಿಸುವ ಹಣ ಒಂದು ವಾರದ ಬಾಡಿಗೆಯನ್ನು ಮೀರುವಂತಿಲ್ಲ; 1,500 ಪೌಂಡ್ ಬಾಡಿಗೆಗೆ ಲೆಕ್ಕ ಹಾಕಿದರೆ ಅವು ಕ್ರಮವಾಗಿ ಸುಮಾರು 1,730 ಮತ್ತು 346 ಪೌಂಡ್. ಅದೇ ಕಾಯಿದೆಯ ಪ್ರಕಾರ ನೀವು ಎರಡು ತಿಂಗಳ ನೋಟಿಸ್ ಕೊಟ್ಟು ಮನೆ ಬಿಡಬಹುದಾದ್ದರಿಂದ, ಮೊದಲ ಮನೆಯೇ ಕೊನೆಯ ಮನೆಯಾಗಬೇಕೆಂದು ಹಟ ಹಿಡಿಯಬೇಡಿ.

ಲೈಸೆನ್ಸ್ ಹನ್ನೆರಡು ತಿಂಗಳು ನಡೆಯುತ್ತದೆ, ಆಮೇಲೆ ಇಲ್ಲಿಯ ಪರೀಕ್ಷೆ ಪಾಸಾಗಬೇಕು. ಮೊದಲ ವರ್ಷದ ಕಾರು ವಿಮೆಯ ಮೊತ್ತ ನೋಡಿ ನಾವು ಕಾರಿನ ಆಸೆಯನ್ನೇ ಮುಂದೂಡಿದೆವು.

ಮನೆ ನೋಡಲು ಹೋದಾಗ ಒಂದು ಎಚ್ಚರಿಕೆ. ಒಂದು ಡಿಸೆಂಬರ್ ಸಂಜೆ ನಾವು ನೋಡಿದ ಕೆಂಪು ಇಟ್ಟಿಗೆಯ ಸಾಲುಮನೆಯಲ್ಲಿ ಹೊಸ ಬಿಳಿ ಬಣ್ಣದ ವಾಸನೆ ಮೂಗಿಗೆ ಅಡರುತ್ತಿತ್ತು. ಏಜೆಂಟ್ ಅಡುಗೆಮನೆ ತೋರಿಸುತ್ತಿದ್ದಾಗ ನನ್ನ ತಾಯಿ ಹಿಂದಿನ ಕೋಣೆಗೆ ಹೋಗಿ ಬೀರುವನ್ನು ಒಂದು ಗೇಣು ಮುಂದೆ ಎಳೆದರು. ಗೋಡೆಯ ಆ ಭಾಗಕ್ಕೆ ಬಣ್ಣ ಮುಟ್ಟಿರಲಿಲ್ಲ. ಉದ್ದಿನಬೇಳೆಯ ಮೇಲೆ ಬೂಷ್ಟು ಹಿಡಿದಂತೆ ಕಪ್ಪು ಚುಕ್ಕೆಗಳು ನೆಲದಿಂದ ಮೊಣಕಾಲೆತ್ತರಕ್ಕೆ ಹರಡಿದ್ದವು. ಕಿಟಕಿಯ ರಬ್ಬರಿನ ಅಂಚು, ಬೀರುವಿನ ಹಿಂದು, ಸ್ನಾನದ ಕೋಣೆಯ ಮೂಲೆ ಈ ಮೂರನ್ನು ನೋಡದೆ ಒಪ್ಪಬೇಡಿ. ಅಡುಗೆಮನೆಯಲ್ಲಿ ಹೊಗೆ ಹೊರಗೆ ಎಳೆಯುವ ಫ್ಯಾನ್ ಇದೆಯೇ, ಇದ್ದರೆ ಅದು ನಿಜವಾಗಿ ಹೊರಗೆ ಬಿಡುತ್ತದೆಯೇ ಎಂದೂ ನೋಡಿ. ಇಲ್ಲದಿದ್ದರೆ ಪ್ರತಿ ಒಗ್ಗರಣೆಗೂ ಹೊಗೆಯ ಅಲಾರಂ ಕೂಗುತ್ತದೆ.

ಹುಬ್ಬಳ್ಳಿಯ ಹಳಬ

ಮಳೆಯ ಬಗ್ಗೆ ನಿಮ್ಮ ನಗು ಒಂದು ಅರ್ಥದಲ್ಲಿ ಸರಿಯೇ. ಮ್ಯಾಂಚೆಸ್ಟರ್‌ನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 850 ಮಿಲಿಮೀಟರ್, ಬೆಂಗಳೂರಿನಲ್ಲಿಯೇ ಅದಕ್ಕಿಂತ ಹೆಚ್ಚು. ಆಗುಂಬೆಯವರ ಮುಂದೆ ಅದನ್ನು ಮಳೆ ಎನ್ನಲೂ ಸಂಕೋಚವಾಗಬೇಕು. ಆದರೆ ಬೆಂಗಳೂರಿನ ಮಳೆ ಎರಡು ಗಂಟೆ ಹೊಡೆದು ಹೋಗುತ್ತದೆ; ಇಲ್ಲಿಯದು ವರ್ಷದಲ್ಲಿ 150ರಷ್ಟು ದಿನ ಜಿಟಿಜಿಟಿ ಎನ್ನುತ್ತದೆ. ನನ್ನನ್ನು ಕೇಳಿದರೆ ಕಾಡುವುದು ಮಳೆಯಲ್ಲ, ಕತ್ತಲೆ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟುವುದು ಎಂಟೂಕಾಲರ ಮೇಲೆ, ಮುಳುಗುವುದು ನಾಲ್ಕಕ್ಕೆ ಮೊದಲೇ. ನಿಮ್ಮ ಪಾಳಿಯ ದಿನಗಳಲ್ಲಿ ನೀವು ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತೀರಿ. ಬಸ್ ತಂಗುದಾಣದಿಂದ ಮನೆಯವರೆಗಿನ ದಾರಿಯಲ್ಲಿ ದೀಪ, ಅಂಗಡಿ, ಜನಸಂಚಾರ ಇವೆಯೇ ಎಂಬುದನ್ನು ಅದಕ್ಕಾಗಿ ರಾತ್ರಿ ಎಂಟೂವರೆಗೆ ನಡೆದು ನೋಡಬೇಕು, ಹಗಲಿನಲ್ಲಿ ಅಲ್ಲ.

ನಾನೇ ಡಿಡ್ಸ್‌ಬರಿ ಕಡೆ ಬೆರಳೆಳೆಯಿರಿ ಎಂದದ್ದರಿಂದ ಇನ್ನೊಂದು ಮಾತನ್ನೂ ನಾನೇ ಹೇಳಬೇಕು. ಅದರ ದಕ್ಷಿಣದ ಅಂಚಿನಲ್ಲಿ ಮರ್ಸಿ ನದಿ ಹರಿಯುತ್ತದೆ. 2021ರ ಜನವರಿಯಲ್ಲಿ ಕ್ರಿಸ್ಟೋಫ್ ಚಂಡಮಾರುತದ ಸಮಯದಲ್ಲಿ ಡಿಡ್ಸ್‌ಬರಿ ಮತ್ತು ನಾರ್ಥೆಂಡೆನ್‌ನ ಜನರಿಗೆ ರಾತ್ರೋರಾತ್ರಿ ಮನೆ ತೆರವು ಮಾಡಲು ಸೂಚಿಸಲಾಗಿತ್ತು. ಸರ್ಕಾರದ ಜಾಲತಾಣದಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಪ್ರವಾಹದ ಅಪಾಯ ಎಷ್ಟೆಂದು ತೋರಿಸುತ್ತದೆ. ಹೀಟನ್ ಮೂರ್ ಎತ್ತರದಲ್ಲಿರುವುದರಿಂದ ಆ ಚಿಂತೆ ಇಲ್ಲ.

ಲೀಡ್ಸ್ ಗೆಳೆಯ

ಬಾಡಿಗೆಯೇ ತೊಂದರೆಯಾದರೆ ಲೀಡ್ಸ್ ಕಡೆಗೂ ಒಮ್ಮೆ ನೋಡಬಹುದಲ್ಲವೇ? ಊರು ಚೆನ್ನಾಗಿದೆ, ಕನ್ನಡಿಗರೂ ಇದ್ದೇವೆ.

ಬೋಲ್ಟನ್ ನಿವಾಸಿ

ಲೀಡ್ಸ್‌ನಲ್ಲಿದ್ದುಕೊಂಡು ದಿನಾ ಪೆನೈನ್ ಬೆಟ್ಟ ಹತ್ತಿಳಿದು ಏಳೂವರೆಯ ಪಾಳಿಗೆ ಬರುವುದೆಂದರೆ, ಸಕಲೇಶಪುರದಲ್ಲಿ ಮನೆ ಮಾಡಿ ಮಂಗಳೂರಿನಲ್ಲಿ ಹಾಜರಿ ಹಾಕಿದ ಹಾಗೆ. ಆ ಮಾತನ್ನು ಇಲ್ಲಿಗೇ ಬಿಡೋಣ.

ಸೇಲ್‌ನ ಅಮ್ಮ

ಪಾಳಿಯ ವಿಷಯದಲ್ಲಿ ಹಳಬರು ಹೇಳಿದ್ದು ಸರಿಯೆಂದು ಒಪ್ಪುತ್ತೇನೆ; ಸೇಲ್‌ನಿಂದ ಆಸ್ಪತ್ರೆಗೆ ಟ್ರಾಮ್ ಮತ್ತು ಬಸ್ಸು ಎರಡೂ ಬೇಕಾಗುತ್ತವೆ. ಆದರೆ ಶಾಲೆಯ ವಿಷಯವನ್ನು ಇಲ್ಲಿ ಸ್ವಲ್ಪ ಹಗುರವಾಗಿ ತೆಗೆದುಕೊಳ್ಳಲಾಗಿದೆ ಎಂದು ನನ್ನ ಆಕ್ಷೇಪ. ತಾಯಿಯ ಪ್ರಯಾಣ ಒಂದೆರಡು ವರ್ಷದ ಕಷ್ಟ, ಮಗಳ ಪ್ರೌಢಶಾಲೆ ಏಳು ವರ್ಷದ ಪ್ರಶ್ನೆ. ಸ್ಯಾಲ್ಫರ್ಡ್ ಕ್ವೇಸ್‌ಗೆ ಸೇಲ್‌ನಿಂದ ಕಾರ್ನ್‌ಬ್ರೂಕ್‌ನಲ್ಲಿ ಒಮ್ಮೆ ಟ್ರಾಮ್ ಬದಲಿಸಿದರೆ ಆಯಿತು, ಆದ್ದರಿಂದ ಮಕ್ಕಳ ತಂದೆಗೂ ಅನುಕೂಲ.

ಹುಬ್ಬಳ್ಳಿಯ ಹಳಬ

ಆಕ್ಷೇಪ ನ್ಯಾಯವಾದದ್ದು. ಆದರೆ ದೇಶ ಬದಲಿಸಿ ಐದು ವಾರ ಕಳೆಯುವ ಮೊದಲೇ ಪರೀಕ್ಷೆಗೆ ಕೂರಬೇಕಾದ ಹುಡುಗಿಯ ಫಲಿತಾಂಶವನ್ನು ನಂಬಿ ಬಾಡಿಗೆ ಕರಾರಿಗೆ ಸಹಿ ಹಾಕಬೇಕೆಂದು ನಾನು ಹೇಳಲಾರೆ. ಪರೀಕ್ಷೆಯಲ್ಲಿ ಪಾಸಾದರೂ ವಿಳಾಸಕ್ಕೆ ಆದ್ಯತೆ ಕೊಡುವ ಶಾಲೆಗಳಿವೆ. ಪಾಸಾಗದಿದ್ದರೆ ಸೇಲ್‌ನ ಬಾಡಿಗೆ ಮತ್ತು ತಾಯಿಯ ದಣಿವು ಮಾತ್ರ ಉಳಿಯುತ್ತವೆ. ಗ್ರಾಮರ್ ಶಾಲೆಯ ಯೋಚನೆಗೆ ಮುಂದೆ ಮಗನಿಗಾಗಿ ಸಮಯವಿದೆ, ಅವನಿಗಿನ್ನೂ ಐದು ವರ್ಷ.

ಮನೆ ಕೊಳ್ಳುವ ಆಲೋಚನೆ ಮುಂದೆ ಬಂದರೆ ಈ ಕಡೆಯ ಒಂದು ವಿಚಿತ್ರವನ್ನು ನೆನಪಿಡಿ. ಇಂಗ್ಲೆಂಡ್‌ನ ವಾಯವ್ಯ ಭಾಗದಲ್ಲಿ ಫ್ಲ್ಯಾಟ್‌ಗಳಷ್ಟೇ ಅಲ್ಲದೆ ಸ್ವತಂತ್ರ ಮನೆಗಳೂ ಎಷ್ಟೋ ಕಡೆ ಗುತ್ತಿಗೆಯ ನೆಲದ ಮೇಲೆ ನಿಂತಿವೆ, ಸಾಮಾನ್ಯವಾಗಿ 999 ವರ್ಷದ ಗುತ್ತಿಗೆ. ಇನ್ನು ಕೆಲವು ಮನೆಗಳ ಮೇಲೆ ಚೀಫ್ ರೆಂಟ್ ಎಂಬ ಹಳೆಯ ವಾರ್ಷಿಕ ಕಂದಾಯ ಇನ್ನೂ ಇದೆ. ನಮ್ಮ ಮನೆಗೂ ಇದೆ, ಮೊತ್ತ ಒಂದು ದೋಸೆಯ ಬೆಲೆಗೂ ಸಾಲದು; 1977ರ ಕಾಯಿದೆಯಂತೆ ಅವು 2037ರಲ್ಲಿ ರದ್ದಾಗುತ್ತವೆ. ಹೆದರುವ ಅಗತ್ಯವಿಲ್ಲ, ವಕೀಲರನ್ನು ಕೇಳಬೇಕು ಅಷ್ಟೆ.

ತೀರ್ಥಹಳ್ಳಿಯವಳು

ಎಲ್ಲರಿಗೂ ಮತ್ತೊಮ್ಮೆ ನಮಸ್ಕಾರ. ಹೇಗಾಯಿತೆಂದು ತಿಳಿಸದೆ ಹೋದರೆ ತಪ್ಪಾಗುತ್ತದೆ. ನಮ್ಮವರು ಜುಲೈನಲ್ಲಿ ಒಬ್ಬರೇ ಮುಂದಾಗಿ ಹೋಗಿ ಹನ್ನೆರಡು ದಿನ ಇದ್ದು ಒಂಬತ್ತು ಮನೆ ನೋಡಿದರು. ನೋಡುವ ಮೊದಲು ಎರಡೂ ಕೌನ್ಸಿಲ್‌ಗಳಿಗೆ ಕರೆ ಮಾಡಿದ್ದೆವು. ಹೀಟನ್ ಮೂರ್‌ನಲ್ಲಿ ಇಷ್ಟವಾದ ಮನೆಯೊಂದು ಸಿಕ್ಕಿತ್ತು, ಆದರೆ ನಡೆಯುವ ದೂರದ ಶಾಲೆಗಳಲ್ಲಿ ಒಂದನೆಯ ವರ್ಷ ಪೂರ್ತಿ ತುಂಬಿತ್ತು. ಕೊನೆಗೆ ಒಪ್ಪಿದ್ದು ಈಸ್ಟ್ ಡಿಡ್ಸ್‌ಬರಿ ಮತ್ತು ಬರ್ನೇಜ್ ನಡುವಿನ ಒಂದು ಮನೆಯನ್ನು, ಬಾಡಿಗೆ 1,475 ಪೌಂಡ್. 142ರ ತಂಗುದಾಣ ಆರು ನಿಮಿಷದ ನಡಿಗೆ. ಪೋಸ್ಟ್‌ಕೋಡ್ ಹಾಕಿ ನೋಡಿದೆವು, ಪ್ರವಾಹದ ಅಪಾಯ ಬಹಳ ಕಡಿಮೆ ಎಂದು ತೋರಿಸಿತು. ರಾತ್ರಿ ಎಂಟೂವರೆಗೆ ದಾರಿಯಲ್ಲಿ ನಡೆದು ನೋಡಿ ಎಂದು ನಾನು ಹೇಳಿದ್ದಕ್ಕೆ ಅವರು ವಿಡಿಯೊ ಕರೆ ಮಾಡಿ ನಡೆದರು. ಜುಲೈ ಆದ್ದರಿಂದ ಎಂಟೂವರೆಗೆ ಬಿಸಿಲೇ ಇತ್ತು! ಆಮೇಲೆ ಹನ್ನೊಂದಕ್ಕೆ ಮತ್ತೊಮ್ಮೆ ನಡೆಸಿದೆ.

ಮಗಳನ್ನು ಒಂದೇ ಒಂದು ಗ್ರಾಮರ್ ಪರೀಕ್ಷೆಗೆ ನೋಂದಾಯಿಸಿದ್ದೇವೆ, ಅವಳೇ ಆಸೆಪಟ್ಟಿದ್ದರಿಂದ; ಅಕ್ಟೋಬರ್ ಅರ್ಜಿಯಲ್ಲಿ ಸಾಮಾನ್ಯ ಪ್ರೌಢಶಾಲೆಗಳನ್ನೂ ಬರೆಯುತ್ತೇವೆ. ಬೀರುಗಳನ್ನೆಲ್ಲ ಎಳೆದು ನೋಡಿದ್ದಾಯಿತು. ಉಳಿದಿರುವ ತೊಡಕು ಅತ್ತೆಯವರದು: ಸ್ನಾನದ ಕೋಣೆ ಇರುವುದು ಮೇಲೆ, ಮೆಟ್ಟಿಲು ಕಡಿದಾಗಿದ್ದು ಒಂದೇ ಕಡೆ ಹಿಡಿಕಟ್ಟು ಇದೆ. ಇನ್ನೊಂದು ಕಡೆಗೂ ಹಿಡಿಕಟ್ಟು ಹಾಕಿಸಲು ಮನೆಯ ಒಡೆಯರಿಗೆ ಪತ್ರ ಬರೆದಿದ್ದೇವೆ, ಉತ್ತರ ಬಂದಿಲ್ಲ. ಬಾಡಿಗೆ ಮನೆಯಲ್ಲಿ ಇಂಥದ್ದನ್ನು ನಮ್ಮ ಖರ್ಚಿನಲ್ಲೇ ಮಾಡಿಸಿದವರು ಯಾರಾದರೂ ಇದ್ದರೆ ಅನುಮತಿಯನ್ನು ಹೇಗೆ ಪಡೆದಿರೆಂದು ತಿಳಿಸಿ.